ಸಾವಿರದ ಇನ್ನೂರು ಗಂಟೆ

ಅಡಿಕೆ ಕೊಯ್ಲು ಮುಗಿದ ಮೇಲೆ ನಮ್ಮೂರ ಗದ್ದೆಯಲ್ಲಿ ಪ್ರತಿ ವರ್ಷ ಒಂದು ಬಯಲಾಟ ಆಗುತ್ತದೆ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. 2016ರಲ್ಲಿ ಆಟ ನೋಡಲು ಕುಮಟೆಯಿಂದ ಅಕ್ಕ, ಭಾವ, ಅವರ ಮಗ ಮಾಣಿ ಬಂದಿದ್ದರು. ಮಾಣಿಗೆ ನಾನು ಚಿಕ್ಕಿ, ಅಂದರೆ ಚಿಕ್ಕಮ್ಮ. ಮಾಣಿಗೆ ಆಗ ಮೂರು ವರ್ಷ. ಒಂದು ಮಾತೂ ಬಂದಿರಲಿಲ್ಲ. ರಾಜವೇಷದ ಒಡ್ಡೋಲಗಕ್ಕೆ ಚಂಡೆ ಏರಿದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಕಿರುಚಲು ಶುರು ಮಾಡಿದ. ಅಕ್ಕ ಅವನನ್ನು ಎತ್ತಿಕೊಂಡು ಕತ್ತಲೆಯಲ್ಲೇ ತೋಟದ ಕಡೆ ಓಡಿದಳು. ಕೂತವರೆಲ್ಲ ತಿರುಗಿ ತಿರುಗಿ ನೋಡಿದರು.

ಬೆಳಗಾದ ಮೇಲೆ ಮೇಳದವರು ತಿಂಡಿಗೆ ನಮ್ಮ ಮನೆಗೇ ಬಂದಿದ್ದರು. ಜಗಲಿಯ ಮೇಲೆ ಮದ್ದಳೆ ಇತ್ತು. ಮದ್ದಳೆಗಾರರು ಚಹಾ ಕುಡಿಯುತ್ತ ಸುಮ್ನೆ ಒಂದು ಬೆರಳಿನಿಂದ ಅದನ್ನು ತಟ್ಟಿದರು. ಮಾಣಿ ಕಂಬದ ಹಿಂದಿನಿಂದ ಬಂದು ಮದ್ದಳೆಯ ಮೇಲೆ ಅಂಗೈ ಇಟ್ಟ. ಅವರು ಇನ್ನೊಮ್ಮೆ ತಟ್ಟಿದರು, ನಿಲ್ಲಿಸಿದರು. ಮಾಣಿ ಒಂದು ಪೆಟ್ಟು ಹಾಕಿದ. ಅವರೂ ಒಂದೇ ಪೆಟ್ಟು ಹಾಕಿದರು. ಅವನು ಎರಡು ಹಾಕಿದರೆ ಅವರೂ ಎರಡು, ಅವನು ಕಾದರೆ ಅವರೂ ಕಾಯುವುದು, ಹೀಗೆ ಅರ್ಧ ಗಂಟೆ ನಡೆಯಿತು, ಚಹಾ ಆರಿ ಹೋಯಿತು. ಆ ಹೊತ್ತಿನಲ್ಲಿ ಮಾಣಿ ನಾಲ್ಕೈದು ಸಲ ಅವರ ಮುಖ ನೋಡಿದ. ಅವನು ನಮ್ಮ ಯಾರ ಮುಖವನ್ನೂ ಹಾಗೆ ನೋಡಿದ್ದು ನನಗೆ ನೆನಪಿರಲಿಲ್ಲ. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನಾನು ಆಗ ಶಿರಸಿಯಲ್ಲಿ ಸಂಗೀತ ಕ್ಲಾಸ್ ನಡೆಸುತ್ತಿದ್ದೆ. ಎಂಟನೇ ವಯಸ್ಸಿನಿಂದ ಹಿಂದೂಸ್ತಾನಿ ಕಲಿತವಳು, ಬಿಎ ಮುಗಿಸಿದವಳು, ಸಂಜೆ ಮೂವತ್ತು ಮಕ್ಕಳಿಗೆ ಅಲಂಕಾರ, ಭಜನೆ ಹೇಳಿಕೊಡುತ್ತಿದ್ದೆ. ಜೀವನ ಚೆನ್ನಾಗಿಯೇ ನಡೆದಿತ್ತು. ಅವತ್ತು ಜಗಲಿಯಲ್ಲಿ ನೋಡಿದ್ದನ್ನು ಮಾತ್ರ ಮರೆಯಲು ಆಗಲಿಲ್ಲ.

ಈಗ ಮಕ್ಕಳ ಮ್ಯೂಸಿಕ್ ಥೆರಪಿಯೇ, ಅಂದರೆ ಸಂಗೀತ ಚಿಕಿತ್ಸೆಯೇ, ನನ್ನ ಕೆಲಸ. ಸಂಗೀತ ಕಲಿಯುವ ಹುಡುಗಿಯರು ಆಗಾಗ ಕೇಳುತ್ತಾರೆ, ಅಕ್ಕಾ, ಇದನ್ನು ಎಲ್ಲಿ ಓದಬೇಕು, ಎಷ್ಟು ಖರ್ಚು, ಇದರಲ್ಲಿ ಬದುಕೋಕಾಗುತ್ತಾ ಅಂತ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮರುವರ್ಷ ಮಾಣಿಯನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅದಕ್ಕೂ ಮೊದಲು ಊರ ಹತ್ತಿರ ಇಬ್ಬರಿಗೆ ತೋರಿಸಿದ್ದೆವು. ಒಬ್ಬರು "ಗಂಡು ಮಕ್ಕಳಿಗೆ ಮಾತು ತಡ, ಕಾಯಿರಿ" ಅಂದರು. ಆ ಒಂದು ಮಾತಿನಿಂದ ಹತ್ತಿರ ಹತ್ತಿರ ಒಂದು ವರ್ಷ ಹೋಯಿತು, ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಮಾತು ತಡವಾದ ಮಗುವಿಗೆ ಮೊದಲು ಮಾಡಬೇಕಾದದ್ದು ಕಿವಿಯ ಪರೀಕ್ಷೆ. ಮೈಸೂರಿನಲ್ಲಿ ಅದೂ ಆಯಿತು, ಬೇರೆ ಪರೀಕ್ಷೆಗಳೂ ಆದವು. ಕಿವಿ ಸರಿಯಿದೆ, ಆಟಿಸಂ ಇದೆ ಎಂದರು, ಅಂದರೆ ಬೇರೆಯವರೊಂದಿಗೆ ಬೆರೆಯುವುದು, ಸಂವಹನ ಇವು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ವಾಪಸ್ ಬರುವಾಗ ರಾತ್ರಿ ಬಸ್ಸಿನಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ಮಾಣಿ ಕಿಟಕಿಯ ಸರಳನ್ನು ಬೆರಳಲ್ಲಿ ತಟ್ಟುತ್ತ ಕೂತಿದ್ದ, ಟಕ್, ಟಕ್, ಒಂದೇ ಲಯದಲ್ಲಿ. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಸಂಗೀತದಿಂದಲೇ ಇವನಿಗೆ ಮಾತು ಬರಿಸುತ್ತೇನೆ, ಅದಕ್ಕೆ ಎಂತ ಓದಬೇಕೋ ಓದುತ್ತೇನೆ.

ಮನೆಯಲ್ಲಿ ಹೇಳಿದೆ. ಅಪ್ಪ ಕವಳ ಹಾಕುತ್ತಿದ್ದವರು ಕೈ ನಿಲ್ಲಿಸಿ, "ಕೂಸೆ, ಇದ್ದ ಕ್ಲಾಸ್ ಬಿಟ್ಟು ಇದೆಂತಕ್ಕೆ? ಇದ್ರಲ್ಲಿ ಹೊಟ್ಟೆ ತುಂಬ್ತಾ?" ಎಂದು ಕೇಳಿದರು. ಆಯಿ, ಅಂದರೆ ನನ್ನ ಅಮ್ಮ, ಆಗ ಏನೂ ಹೇಳಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ ಮೆಲ್ಲಗೆ ಹೇಳಿದಳು, "ಮಾಣಿ ಸಲುವಾಗಿ ಹೇಳಿ ಹೋಗಡ. ನಿಂಗೇ ಬೇಕು ಹೇಳಾದ್ರೆ ಹೋಗು." ಮಾಣಿಗೋಸ್ಕರ ಅಂತ ಹೋಗಬೇಡ ಎಂದದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಮೊಮ್ಮಗನ ಬಗ್ಗೆ ಹೀಗೆ ಹೇಳೋದಾ ಅಂತ.

ಆಮೇಲೆ ಹುಡುಕಾಟ. ತಿಂಗಳುಗಟ್ಟಲೆ ಓದಿದೆ, ಫೋನ್ ಮಾಡಿದೆ. ಮ್ಯೂಸಿಕ್ ಥೆರಪಿ ಅಮೆರಿಕದಲ್ಲಿ ಒಂದು ವೃತ್ತಿಯಾಗಿ ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ಗಾಯಗೊಂಡ ಸೈನಿಕರ ಆಸ್ಪತ್ರೆಗಳಲ್ಲಿ ಹಾಡಲು, ನುಡಿಸಲು ಹೋದವರ ಕೆಲಸದಿಂದ. 1944ರಲ್ಲಿ ಅಲ್ಲಿನ ಮಿಷಿಗನ್ ಸ್ಟೇಟ್ ಕಾಲೇಜಿನಲ್ಲಿ ಮೊದಲ ಪದವಿ ಕೋರ್ಸ್ ಶುರುವಾಯಿತು. 1950ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘವೇ ಆಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ, ನಾರ್ಡಾಫ್ ಮತ್ತು ರಾಬಿನ್ಸ್ ಎಂಬ ಇಬ್ಬರ ಕೆಲಸ. ಒಬ್ಬರು ಪಿಯಾನೋ ನುಡಿಸುವ ಸಂಗೀತಗಾರ, ಇನ್ನೊಬ್ಬರು ವಿಶೇಷ ಮಕ್ಕಳ ಶಿಕ್ಷಕ. 1959ರಲ್ಲಿ ಇಂಗ್ಲೆಂಡಿನಲ್ಲಿ ಜೊತೆಯಾದರು. ಮಗು ಅತ್ತರೆ ಆ ಅಳುವಿನ ಸ್ವರವನ್ನೇ ಹಿಡಿದು ನುಡಿಸುವುದು, ಮಗು ಡ್ರಮ್ಮಿಗೆ ಹೊಡೆದರೆ ಆ ಹೊಡೆತಕ್ಕೆ ಸರಿಯಾಗಿ ಸಂಗೀತ ಕಟ್ಟುವುದು, ಅಂದರೆ ಮಗು ಮುಂದೆ, ಸಂಗೀತಗಾರ ಹಿಂದೆ. ಓದುತ್ತಿದ್ದಾಗ ಮೈ ಜುಂ ಎಂದಿತು. ನಮ್ಮ ಜಗಲಿಯಲ್ಲಿ ಆ ಮದ್ದಳೆಗಾರರು ಮಾಡಿದ್ದೂ ಇದೇ ಅಲ್ವಾ?

ಓದುವ ದಾರಿಯ ವಿಷಯ. ಇದನ್ನು ಹೊಸಬರು ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮ ದೇಶದಲ್ಲಿ ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್‌ಗಳು 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿಕೊಳ್ಳಬೇಕು. ಮ್ಯೂಸಿಕ್ ಥೆರಪಿಸ್ಟ್‌ಗೆ ಅಂಥ ನೋಂದಣಿ ಅಲ್ಲಿ ಇಲ್ಲ. ಅದರಿಂದ ಎರಡು ತೊಂದರೆ. ಹತ್ತು ದಿನದ ಆನ್‌ಲೈನ್ ಕೋರ್ಸ್ ಮಾಡಿದವರೂ ಬೋರ್ಡ್ ಹಾಕಿಕೊಳ್ಳಬಹುದು. ನಿಜವಾಗಿ ಓದಿದವರಿಗೆ ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಕೆಲಸ ಸಿಗುವುದು ಕಷ್ಟ. ಚೆನ್ನೈ, ಪುದುಚೇರಿಯಲ್ಲಿ ಡಿಪ್ಲೊಮಾ, ಪಿಜಿ ಡಿಪ್ಲೊಮಾ ಇವೆ, ಪುದುಚೇರಿಯಲ್ಲಿ ಒಂದು ಮೆಡಿಕಲ್ ಕಾಲೇಜಿನ ಒಳಗೇ ಸಂಗೀತ ಚಿಕಿತ್ಸೆಯ ಕೇಂದ್ರ ಇದೆ. ಆದರೆ ಬರೀ ಅದನ್ನೇ ನಂಬಿ ಹೋಗಲು ನನಗೆ ಧೈರ್ಯ ಬರಲಿಲ್ಲ. ಸ್ಪೀಚ್ ಥೆರಪಿ ಪದವಿಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು, ನನ್ನದು ಆರ್ಟ್ಸ್. ಕೊನೆಗೆ ಮೊದಲು ಎರಡು ವರ್ಷದ ವಿಶೇಷ ಬಿಎಡ್ ಮಾಡಿ ಆರ್‌ಸಿಐ ನಂಬರ್ ಪಡೆಯುವುದು, ಆಮೇಲೆ ಮ್ಯೂಸಿಕ್ ಥೆರಪಿ ಪಿಜಿ ಡಿಪ್ಲೊಮಾ ಎಂದು ನಿರ್ಧಾರ ಮಾಡಿದೆ. ಇವತ್ತಿಗೂ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಒಂದು ಕಾಲು ನೋಂದಣಿ ಇರುವ ವೃತ್ತಿಯಲ್ಲಿ ಇರಲಿ. ಆ ಬಿಎಡ್ ನನಗೆ ಬರೀ ಕಾಗದ ಆಗಿ ಉಳಿಯಲಿಲ್ಲ. ಮಗುವಿನ ಬೆಳವಣಿಗೆ ಅಂದರೇನು, ಒಂದು ಗುರಿಯನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆಯುವುದು ಹೇಗೆ, ಬರೆದಿಡುವುದು ಹೇಗೆ, ಎಲ್ಲ ಕಲಿತದ್ದು ಅಲ್ಲೇ.

ಇನ್ನೊಂದು ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತ್ತು. ಅಮೆರಿಕದಲ್ಲಿ ಮ್ಯೂಸಿಕ್ ಥೆರಪಿಸ್ಟ್ ಆಗಬೇಕಾದರೆ ಪದವಿಯ ಜೊತೆ ಕನಿಷ್ಠ 1,200 ಗಂಟೆ ಪ್ರಾಯೋಗಿಕ ತರಬೇತಿ ಆಗಬೇಕು, ಆಮೇಲೆ ಪರೀಕ್ಷೆ. ನಮ್ಮಲ್ಲಿ ಆ ನಿಯಮ ಇಲ್ಲ. ಇಲ್ಲದಿದ್ದರೂ ನಾನು ಪಾಲಿಸುತ್ತೇನೆ ಅಂದುಕೊಂಡೆ. ಶಿರಸಿ ಪೇಟೆಯಲ್ಲಿ ಒಂದು ದಪ್ಪ ಲಾಂಗ್‌ಬುಕ್ ಕೊಂಡೆ. ಹಿರಿಯ ಥೆರಪಿಸ್ಟ್ ಒಬ್ಬರು ನೋಡಿ ತಿದ್ದಿದ ಸೆಷನ್ ಮಾತ್ರ ಅದರಲ್ಲಿ ಬರೆಯುವುದು. ದಿನಾಂಕ, ಮಗು (ಹೆಸರಲ್ಲ, ಒಂದು ಗುರುತು), ಗುರಿ, ಏನಾಯಿತು, ಎಷ್ಟು ಹೊತ್ತು.

ಮೊದಲ ಸಾಲು ಇವತ್ತು ಓದಿದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ತರಬೇತಿಯ ಮೊದಲ ವಾರ. ಐದು ವರ್ಷದ ಹುಡುಗಿ. ನಾನು ಹಾರ್ಮೋನಿಯಂ ತೆಗೆದುಕೊಂಡು ಹೋಗಿದ್ದೆ, ಚೆನ್ನಾಗಿ ತಯಾರಿ ಮಾಡಿಕೊಂಡಿದ್ದೆ, ಭೂಪಾಳಿಯಲ್ಲಿ ಒಂದು ಭಜನೆ. ನನ್ನ ಮಟ್ಟಿಗೆ ಬಹಳ ಚೆನ್ನಾಗಿ ಹಾಡಿದೆ. ಎರಡನೇ ಚರಣಕ್ಕೆ ಹುಡುಗಿ ಮೇಜಿನ ಕೆಳಗೆ ಹೋಗಿ ಕೂತಳು. ನಾನು ನಿಲ್ಲಿಸಲಿಲ್ಲ, ಇನ್ನೂ ಇಂಪಾಗಿ ಹಾಡಿದರೆ ಬರುತ್ತಾಳೆ ಅಂದುಕೊಂಡೆ. ಅವಳು ತನ್ನ ಕೈಯನ್ನೇ ಕಚ್ಚಿಕೊಂಡಳು. ನನ್ನ ಸೆಷನ್ ನೋಡಿ ತಿದ್ದುವ ಮೇಡಂ ಮೆಲ್ಲಗೆ ಬಂದು ಹಾರ್ಮೋನಿಯಂ ಮುಚ್ಚಿದರು. ನೆಲದ ಮೇಲೆ ಕೂತರು, ಮೇಜಿನಿಂದ ದೂರವೇ. ಹುಡುಗಿ ಉಸಿರು ಬಿಡುವಾಗ ಮೂಗಿನಲ್ಲಿ ಒಂದು ಸ್ವರ ಬರುತ್ತಿತ್ತು, ನಾನು ಅದನ್ನು ಕೇಳಿಯೇ ಇರಲಿಲ್ಲ. ಮೇಡಂ ಅದೇ ಸ್ವರವನ್ನು ಬಾಯಿ ಮುಚ್ಚಿ ಗುನುಗಿದರು. ಅವಳ ಉಸಿರಿನ ವೇಗಕ್ಕೇ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಚೂರು ಚೂರೇ ನಿಧಾನ ಮಾಡುತ್ತ ಬಂದರು. ಹನ್ನೊಂದು ನಿಮಿಷ ಆಯಿತು, ಗಡಿಯಾರ ನೋಡಿದ್ದೆ. ಹುಡುಗಿ ಕಚ್ಚುವುದು ಬಿಟ್ಟಳು. ಹೊರಗೇನೂ ಬರಲಿಲ್ಲ. ಅಷ್ಟೇ ಸಾಕಿತ್ತು.

ಮಗು ಯಾವ ಸ್ಥಿತಿಯಲ್ಲಿದೆಯೋ ಅಲ್ಲಿಗೇ ಹೋಗಿ ಸಂಗೀತ ಸೇರಬೇಕು, ಆಮೇಲೆ ಮಗುವಿನ ಜೊತೆಗೇ ಮೆಲ್ಲಗೆ ಬದಲಾಗಬೇಕು. ಇದಕ್ಕೆ ಐಸೋ ತತ್ವ ಎನ್ನುತ್ತಾರೆ. ಪುಸ್ತಕದಲ್ಲಿ ಅರ್ಧ ಪುಟ. ನನಗೆ ಅದು ಮೈಗೆ ಹತ್ತಲು ವರ್ಷ ಬೇಕಾಯಿತು. ಹದಿನೆಂಟು ವರ್ಷ ನಾನು ಕಲಿತದ್ದು ಚೆನ್ನಾಗಿ ಹಾಡುವುದನ್ನು, ಕೂತವರು ತಲೆದೂಗುವ ಹಾಗೆ. ಅದನ್ನು ಬದಿಗಿಡುವುದು ನೋವಿನ ಕೆಲಸ. ಒಂದು ರಾತ್ರಿ ಹಾಸ್ಟೆಲಿನ ಟೆರೇಸಿನಲ್ಲಿ ಕೂತು, ಇದಕ್ಕಾಗಿಯೇ ನಾನು ಅಷ್ಟು ವರ್ಷ ಸಾಧನೆ ಮಾಡಿದ್ದಾ ಎಂದು ಅತ್ತಿದ್ದೂ ಇದೆ. ಸಂಗೀತದಲ್ಲಿ ಮುಂದೆ ಬಂದವರು ಈ ದಾರಿಗೆ ಬರುವಾಗ ಜಾಸ್ತಿ ಯೋಚಿಸಬೇಕಾದದ್ದು ಇದನ್ನು. ಆದರೆ ಸಾಧನೆ ದಂಡವಾಗಲಿಲ್ಲ. ಮಗುವಿನ ಅಳು ಕಪ್ಪು ಮೂರರ, ಅಂದರೆ ಹಾರ್ಮೋನಿಯಂನ ಮೂರನೇ ಕಪ್ಪು ಮನೆಯ ಸ್ವರದ, ಹತ್ತಿರ ಇದೆ, ಸ್ವಲ್ಪ ಇಳಿಯುತ್ತಿದೆ ಎಂದು ಕ್ಷಣದಲ್ಲಿ ಹಿಡಿಯಲು ಆ ಹದಿನೆಂಟು ವರ್ಷವೇ ಬೇಕು.

ಓದುತ್ತಿದ್ದಾಗಲೇ ಇನ್ನೊಂದು ಪೆಟ್ಟು ಬಿತ್ತು. ನಾನು ಈ ದಾರಿ ಹಿಡಿದ 2017ರಲ್ಲೇ ಒಂದು ದೊಡ್ಡ ಅಧ್ಯಯನ ಪ್ರಕಟವಾಗಿತ್ತು. 9 ದೇಶಗಳು, ಆಟಿಸಂ ಇರುವ 364 ಮಕ್ಕಳು, ನಾಲ್ಕರಿಂದ ಏಳು ವರ್ಷದವರು. ಐದು ತಿಂಗಳು ಮ್ಯೂಸಿಕ್ ಥೆರಪಿ ಕೊಟ್ಟ ಮಕ್ಕಳನ್ನೂ ಕೊಡದ ಮಕ್ಕಳನ್ನೂ ಹೋಲಿಸಿದರೆ, ಬೇರೆಯವರೊಂದಿಗೆ ಬೆರೆಯುವ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನಾನು ಅದನ್ನು ನಾಲ್ಕು ಸಲ ಓದಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮಾಣಿಗೆ ಮಾತು ಬರಿಸುತ್ತೇನೆ ಎಂದು ಹೊರಟವಳಲ್ವಾ ನಾನು. ಆಮೇಲೆ 2022ರಲ್ಲಿ ಕಾಕ್ರೇನ್‌ನವರು, ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟು ಮಾಡಿ ಪರಿಶೀಲಿಸುವ ಸಂಸ್ಥೆ ಅದು, 26 ಅಧ್ಯಯನಗಳನ್ನು, 1,165 ಜನರನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟಾರೆ ಸುಧಾರಣೆ, ಬದುಕಿನ ಗುಣಮಟ್ಟ ಇವುಗಳಲ್ಲಿ ಉಪಯೋಗ ಇರಬಹುದು, ಆದರೆ ಮಾತು ಬರುತ್ತದೆ ಎನ್ನಲು ಸ್ಪಷ್ಟ ಆಧಾರ ಇಲ್ಲ ಎಂಬುದು ಅದರ ಸಾರ. ಆಯಿ ಅವತ್ತು ಹೇಳಿದ್ದು ಆಗ ನೆನಪಾಯಿತು. ಮಾಣಿಯನ್ನು ಸರಿ ಮಾಡುವುದಕ್ಕಾಗಿ ಹೊರಟಿದ್ದರೆ ನಾನು ಅಲ್ಲೇ ವಾಪಸ್ ಬರಬೇಕಿತ್ತು. ಎರಡು ದಿನ ಯೋಚಿಸಿದೆ, ಮೂರನೇ ದಿನ ಎದ್ದು ಸೆಷನ್ನಿಗೆ ಹೋದೆ. ಆ ಮೇಜಿನ ಕೆಳಗಿನ ಹುಡುಗಿ ಕಾಯುತ್ತಾಳೆ ಎಂಬುದೊಂದೇ ಮನಸ್ಸಿನಲ್ಲಿ ಇತ್ತು. ನಾನು ನಿಜವಾಗಿ ಈ ಕೆಲಸ ಆಯ್ದುಕೊಂಡದ್ದು ಅವತ್ತು ಎಂದು ಈಗ ಅನಿಸುತ್ತದೆ.

ಹೀಗಾಗಿಯೇ, ಈ ರಾಗ ಹಾಡಿದರೆ ಆ ರೋಗ ಹೋಗುತ್ತದೆ ಎಂದು ಪಟ್ಟಿ ಕೊಡುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಒಂದು ಮಗುವಿಗೆ ತಂಪು ಕೊಡುವ ಸ್ವರ ಇನ್ನೊಂದು ಮಗುವಿಗೆ ಕಿವಿ ಸುಟ್ಟ ಹಾಗೆ ಆಗಬಹುದು. ಮಾಣಿಯ ಚಂಡೆ ನೆನಪಿಸಿಕೊಳ್ಳಿ. ತಾಯಂದಿರು ಆ ಪಟ್ಟಿ ನಂಬಿ ಮಗುವಿನ ಸ್ಪೀಚ್ ಥೆರಪಿ ಬಿಡಿಸಿಬಿಡುತ್ತಾರೆ. ಅದು ಆಗಬಾರದು.

ಕೋರ್ಸ್ ಮುಗಿಸಿ ಊರಿಗೆ ಬಂದೆ. ಬೆಂಗಳೂರಿನಲ್ಲಿ ಕರೆದಿದ್ದರು, ಸಂಬಳವೂ ಜಾಸ್ತಿ ಇತ್ತು. ಆದರೆ ಇಲ್ಲಿ ಘಟ್ಟದ ಕೆಳಗೆ, ಮೇಲೆ, ಒಂದು ಥೆರಪಿಗೆ ಎಂದು ತಾಯಂದಿರು ಮಗುವನ್ನು ಎತ್ತಿಕೊಂಡು ಹುಬ್ಬಳ್ಳಿಗೋ ಮಣಿಪಾಲಕ್ಕೋ ಬಸ್ಸು ಹತ್ತುವುದನ್ನು ನೋಡಿದ್ದೆ, ನನ್ನ ಅಕ್ಕನೂ ಹತ್ತಿದ್ದಾಳೆ. ಈಗ ವಾರದಲ್ಲಿ ಮೂರು ದಿನ ಕುಮಟೆ, ಒಂದು ದಿನ ಅಂಕೋಲೆ, ಒಂದು ದಿನ ಕಾರವಾರ. ಕುಮಟೆಯಲ್ಲಿ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ವಿಶೇಷ ಶಿಕ್ಷಕಿಯ ಸಂಬಳ, ಬಿಎಡ್ ಕೈಹಿಡಿದದ್ದು ಹೀಗೆ. ಉಳಿದ ಕಡೆ ಒಂದು ಸೆಷನ್ನಿಗೆ ಮುನ್ನೂರು ರೂಪಾಯಿ, ಆಗದವರಿಗೆ ಕಡಿಮೆ. ಅಪ್ಪನ ಪ್ರಶ್ನೆಗೆ ಉತ್ತರ, ಹೊಟ್ಟೆ ತುಂಬುತ್ತದೆ, ಉಳಿತಾಯ ಮಾತ್ರ ಸ್ವಲ್ಪವೇ. ಮೊದಲ ಎರಡು ವರ್ಷ ಶನಿವಾರ, ಭಾನುವಾರ ಹಳೆಯ ಸಂಗೀತ ಕ್ಲಾಸನ್ನೂ ನಡೆಸಿದೆ. ಹೊಸಬರೂ ಹಾಗೇ ಲೆಕ್ಕ ಹಾಕಿಕೊಳ್ಳಿ.

ಊರಿನ ಸಾಮಾನುಗಳೇ ನನ್ನ ವಾದ್ಯ. ಗರಟೆ ಎರಡು, ಹುರುಳಿ ತುಂಬಿದ ಡಬ್ಬಿ, ಸಣ್ಣ ತಾಳ, ಒಂದು ಗುಮಟೆ. ಹಾಲಕ್ಕಿಯವರ ಸುಗ್ಗಿಯಲ್ಲಿ ಕೇಳುತ್ತೇವಲ್ಲ, ಮಣ್ಣಿನ ಆ ವಾದ್ಯ. ಹಿಂದೆ ಅದಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯಿಂದ ಉಡಕ್ಕೆ ರಕ್ಷಣೆ ಇದೆ, ನನ್ನದು ಆಡಿನ ಚರ್ಮದ್ದು. ಅದರ ಸದ್ದು ಚೂಪಾಗಿರುವುದಿಲ್ಲ, ಹೊಟ್ಟೆಯೊಳಗಿಂದ ಬಂದ ಹಾಗೆ ಇರುತ್ತದೆ, ಸದ್ದಿಗೆ ಹೆದರುವ ಮಕ್ಕಳೂ ಅದನ್ನು ತಬ್ಬಿಕೊಳ್ಳುತ್ತಾರೆ.

ಅಂಕೋಲೆಯ ಹುಡುಗಿಯೊಬ್ಬಳಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಮನೆಯವರು ಮೀನು ಮಾರುವವರು. ಫಿಸಿಯೋಥೆರಪಿಸ್ಟ್ ಜೊತೆಗೇ ನನ್ನ ಕೆಲಸ, ಅವರಿಲ್ಲದೆ ನಾನು ನಡಿಗೆಗೆ ಕೈ ಹಾಕುವುದಿಲ್ಲ. ಮೊದಲು ಅವಳು ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾಳೆ ಎಂದು ಎಣಿಸಿದೆವು, ನಲವತ್ತೆಂಟು. ಗುಮಟೆಯ ಪೆಟ್ಟನ್ನೂ ಅಷ್ಟೇ ಇಟ್ಟೆ. ಪೆಟ್ಟು ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತಾದರೆ ಕಾಲು ಅದಕ್ಕೆ ತಯಾರಾಗುತ್ತದೆ, ಹೆಜ್ಜೆ ಹೆಜ್ಜೆಗೆ ಸಮ ಬರುತ್ತದೆ. ಮೂರು ವಾರದ ಮೇಲೆ ಎರಡು ಪೆಟ್ಟು ಜಾಸ್ತಿ ಮಾಡಿದೆ, ಐವತ್ತು. ಮತ್ತೆ ಕಾದೆವು. ಈಗ ಐವತ್ತಾರು, ಮನೆಯ ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಗೋಡೆ ಹಿಡಿಯದೆ ಹೋಗುತ್ತಾಳೆ. ಅವಳ ಅಮ್ಮ ಬುಟ್ಟಿ ಇಳಿಸಿ ಅದನ್ನು ನೋಡುತ್ತ ನಿಂತುಬಿಡುತ್ತಾರೆ.

ಕುಮಟೆಯ ಇನ್ನೊಬ್ಬ ಹುಡುಗನಿಗೆ ಬಸ್ಸು ಅಂದರೆ ಪ್ರಾಣ. ಅವನಿಗಾಗಿ ಎರಡು ಸಾಲಿನ ಹಾಡು ಕಟ್ಟಿದೆ, ಕೊನೆಯ ಶಬ್ದ ಬಿಟ್ಟು ನಿಲ್ಲಿಸುತ್ತೇನೆ. "ಘಟ್ಟ ಇಳಿದು ಬಂತು ಬಂತು, ಶಿರಸಿ..." ಅಷ್ಟೇ. ಕಾಯುವುದು. ಹಾಡು ಅರ್ಧಕ್ಕೆ ನಿಂತರೆ ಯಾರಿಗೂ ಸಮಾಧಾನ ಇರುವುದಿಲ್ಲ, ಆ ಖಾಲಿ ಜಾಗವೇ ಮಗುವನ್ನು ಎಳೆಯುತ್ತದೆ. ಹದಿನಾಲ್ಕನೇ ಸೆಷನ್ನಿನಲ್ಲಿ ಅವನು "ಬ" ಅಂದ. ಅವನ ಅಮ್ಮ ಬಾಗಿಲ ಹೊರಗಿನಿಂದ ಓಡಿ ಬಂದು, "ಅಕ್ಕೋರೆ, ಇವ ಈಗ ಮಾತಾಡ್ದ ಅಲ್ದಾ? ಇನ್ಮೇಲೆ ಎಲ್ಲಾ ಹೇಳ್ತಾನೆ ಅಲ್ದಾ?" ಎಂದು ನನ್ನ ಕೈ ಹಿಡಿದುಕೊಂಡರು. ಆ ಕ್ಷಣದಲ್ಲಿ ಹೌದು ಎನ್ನುವುದು ಎಷ್ಟು ಸುಲಭ. "ಇವತ್ತು ‘ಬ’ ಅಂದ ಅಮ್ಮಾ, ನಾನೂ ಕೇಳಿದೆ. ನಾಳೆಗೆ ಏನು ಅಂತ ಹೇಳೋಕೆ ಬರುವುದಿಲ್ಲ. ಸ್ಪೀಚ್ ಥೆರಪಿ ಮಾತ್ರ ಬಿಡಬೇಡಿ" ಎಂದೆ. ಅವರ ಮುಖ ಸಣ್ಣದಾಯಿತು. ಮುಂದಿನ ವಾರವೂ ಬಂದರು.

ಹೊಸ ತಾಯಂದಿರಿಗೆ ನಾನು ಮೊದಲು ಹೇಳುವುದು ಹಾಡಿನ ವಿಷಯವೇ ಅಲ್ಲ. ಕಿವಿ ಪರೀಕ್ಷೆ ಆಗಿದೆಯಾ, ಜಿಲ್ಲಾ ಆಸ್ಪತ್ರೆಗಳಲ್ಲಿ ಸಣ್ಣ ಮಕ್ಕಳ ತೊಂದರೆಯನ್ನು ಬೇಗ ಗುರುತಿಸುವ ಕೇಂದ್ರ ಇರುತ್ತದೆ, ಅಲ್ಲಿ ವಿಚಾರಿಸಿದ್ದೀರಾ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆಗಿದೆಯಾ, ಇಂಥ ಮಕ್ಕಳಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ ನಿರಾಮಯ ಗೊತ್ತಾ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿದೆ, ಆಟಿಸಂ ಕೂಡ ಅದರಲ್ಲಿದೆ. ನಿರಾಮಯದಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ. ಹತ್ತರಲ್ಲಿ ಏಳೆಂಟು ಮನೆಯವರಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಈ ಕಾಗದದ ಕೆಲಸವನ್ನು ಕೋರ್ಸಿನಲ್ಲಿ ಯಾರೂ ಕಲಿಸಲಿಲ್ಲ, ಆದರೆ ಇದೂ ನಮ್ಮ ಕೆಲಸವೇ.

ಲಾಂಗ್‌ಬುಕ್ ಈಗ ಮೂರನೆಯದು. ಹೋದ ತಿಂಗಳಿಗೆ 1,163 ಗಂಟೆ ಆಯಿತು. ಮೇಡಂ ಈಗ ವೀಡಿಯೋ ನೋಡಿ ತಿದ್ದುತ್ತಾರೆ, ಅದಕ್ಕೆ ಪ್ರತಿ ಮನೆಯವರ ಒಪ್ಪಿಗೆ ಬರೆಸಿಕೊಂಡಿದ್ದೇನೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತದೆ, ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಬಸ್ಸೂ ನಿಲ್ಲುತ್ತದೆ, ಆ ಎರಡು ತಿಂಗಳು ಲೆಕ್ಕ ಮುಂದೆ ಹೋಗುವುದೇ ಕಷ್ಟ.

ಈ ಮೂರು ಪುಸ್ತಕದಲ್ಲಿ ಮಾಣಿಯ ಒಂದು ಗಂಟೆಯೂ ಇಲ್ಲ. ಮನೆಯ ಮಗುವಿಗೆ ಮನೆಯವರೇ ಥೆರಪಿಸ್ಟ್ ಆಗಬಾರದು, ಮೊದಲ ತಿಂಗಳೇ ಕಲಿಸುತ್ತಾರೆ. ಅಕ್ಕನಿಗೆ ಇದನ್ನು ಹೇಳುವುದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. "ಊರ ಮಕ್ಕಳಿಗೆಲ್ಲಾ ಮಾಡ್ತೆ, ನನ್ನ ಮಾಣಿಗೆ ಆಗ್ತಿಲ್ಯಾ?" ಎಂದು ಕೇಳಿದ್ದಳು. ಒಂದು ವಾರ ಮಾತು ಬಿಟ್ಟಿದ್ದಳು. ಆಮೇಲೆ ಅವಳೇ ಫೋನ್ ಮಾಡಿದಳು. ಮಾಣಿಗೆ ಬೇರೆ ಥೆರಪಿಸ್ಟ್ ಇದ್ದಾರೆ, ಸ್ಪೀಚ್ ಥೆರಪಿಯೂ ನಡೆದಿದೆ. ಹನ್ನೆರಡು ವರ್ಷ ಆಯಿತು ಅವನಿಗೆ. ಇಪ್ಪತ್ತು ಇಪ್ಪತ್ತೈದು ಶಬ್ದ ಆಡುತ್ತಾನೆ, ಬೇಕಾದದ್ದನ್ನು ಚಿತ್ರ ತೋರಿಸಿ ಕೇಳುತ್ತಾನೆ.

ದೀಪಾವಳಿಗೆ ಎಲ್ಲರೂ ಊರಿಗೆ ಬಂದಿದ್ದರು. ಮಧ್ಯಾಹ್ನ ಊಟವಾಗಿ ಹಿರಿಯರೆಲ್ಲ ಮಲಗಿದ್ದರು. ನಾನು ಜಗಲಿಯಲ್ಲಿ ಹೂವು ಕಟ್ಟುತ್ತಿದ್ದೆ. ಮಾಣಿ ಬಂದು ಪಕ್ಕದಲ್ಲಿ ಕೂತ, ಮಣೆಯ ಮೇಲೆ ಒಂದು ಪೆಟ್ಟು ಹಾಕಿದ. ನಾನೂ ಹಾಕಿದೆ. ಎರಡು ಹಾಕಿದ. ನಾನೂ ಎರಡು. "ಚಿಕ್ಕಿ" ಅಂದ, ಮತ್ತೆ ಮೂರು ಹಾಕಿದ. ಎಷ್ಟು ಹೊತ್ತು ನಡೆಯಿತೋ, ಗಡಿಯಾರ ನೋಡಲಿಲ್ಲ.